ಎರಡು ಹೆಜ್ಜೆ ಆಚೆ ನೆಟ್ಟ ಹೊಂಗೆ ಕೊಂಬೆ

ನನಗೊಂದು ಚಾಳಿಯಿದೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲು ಅವರ ಹೂಕುಂಡದ ಮಣ್ಣಿಗೆ ತೋರುಬೆರಳು ಚುಚ್ಚಿ ನೋಡುತ್ತೇನೆ. ಬೆರಳು ಎರಡನೆಯ ಗೆಣ್ಣಿನವರೆಗೂ ಇಳಿಯಿತೋ, ಆ ಮನೆಯವರ ಮೇಲೆ ನನಗೆ ಗೌರವ. ಉಗುರಷ್ಟೇ ಇಳಿಯಿತೋ, ಕಾಫಿ ಕುಡಿದು ಬೇಗ ಎದ್ದು ಬರುತ್ತೇನೆ. ಮಣ್ಣಿಗೆ ಉಸಿರಾಡಲು ಬಿಡದವರು ಸೊಸೆಗೆ ಬಿಟ್ಟಾರೆಯೇ ಎಂಬುದು ನನ್ನ ತರ್ಕ. ತರ್ಕದಲ್ಲಿ ತೂತಿದೆ ಎಂದು ನನಗೂ ಗೊತ್ತು, ಆದರೆ ಬೆರಳು ಕೇಳಬೇಕಲ್ಲ!

ಮಗನಿಗೆ ಹೆಣ್ಣು ನೋಡಲು ಜಯನಗರದ ಒಂದು ಮನೆಗೆ ಹೋಗಿದ್ದೆವು. ಮೆಟ್ಟಿಲ ಪಕ್ಕದಲ್ಲೇ ಸಾಲಾಗಿ ಕುಂಡಗಳು. ಎಷ್ಟು ತಡೆದುಕೊಂಡರೂ ಆಗಲಿಲ್ಲ. ಚುಚ್ಚಿಯೇ ಬಿಟ್ಟೆ. ಆಗಷ್ಟೇ ನೀರು ಹಾಕಿದ್ದರೆಂದು ಕಾಣುತ್ತದೆ, ಬೆರಳು ಕಪ್ಪಗೆ ಹೊರಬಂತು. ರೇಷ್ಮೆ ಸೀರೆಗೆ ಒರೆಸುವಂತಿಲ್ಲ, ಅವರ ಗೋಡೆಗೂ ಒರೆಸುವಂತಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಕೇಸರಿಭಾತಿನ ತಟ್ಟೆಗೆ ಎಡಗೈ ಚಾಚುವುದೋ ಬಿಡುವುದೋ ಎಂದು ಒದ್ದಾಡುತ್ತಿರುವಾಗ ಆ ಹುಡುಗಿ ಒಂದು ಚೊಂಬು ನೀರು ಹಿಡಿದು ಹತ್ತಿರ ಬಂದು, "ಆಂಟಿ, ಹಿತ್ತಲಿಗೆ ಬನ್ನಿ, ಕೈ ತೊಳ್ಕೊಳ್ಳಿ. ಎರಡನೇ ಕುಂಡ ತಾನೇ? ಅದಕ್ಕೆ ನೀರು ಜಾಸ್ತಿ ಆಗಿದೆ" ಎಂದು ಮೆಲ್ಲಗೆ ಹೇಳಿದಳು. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಆಮೇಲೆ ಜಾತಕ ಗೀತಕ ನೋಡುವ ಅಗತ್ಯ ನನಗಂತೂ ಕಾಣಲಿಲ್ಲ.

ಈ ಚಾಳಿ ನನಗೆ ಅಂಟಿಕೊಂಡದ್ದು ಒಂಬತ್ತನೇ ವಯಸ್ಸಿನಲ್ಲಿ. ಅದಕ್ಕೆ ಕಾರಣ ಕಲ್ಲಿನಂಥ ನಮ್ಮದೇ ಹೊಲ.

ನಮ್ಮ ಊರು ಹುಳಿಮಾವಿನ ಕೆರೆಯ ಆಚೆ ದಂಡೆಯ ಕಡೆಗಿತ್ತು. ಊರು ಎಂದರೆ ಇಪ್ಪತ್ತು ಮನೆ, ಒಂದು ಬಾವಿ, ಎಣಿಕೆಗೆ ಸಿಗದಷ್ಟು ನಾಯಿ. ಐವತ್ತರ ದಶಕ ಮುಗಿದು ಅರವತ್ತರದು ಕಣ್ಣು ಬಿಡುತ್ತಿದ್ದ ಕಾಲ. ಜಯನಗರ ಎನ್ನುವುದು ನಮಗಿನ್ನೂ ಪೂರ್ತಿ ನಂಬಿಕೆ ಬಾರದ ಊರು. ಅಲ್ಲಿ ಬಯಲಿನ ನಡುವೆ ಕಲ್ಲು ನೆಟ್ಟು ಅದನ್ನು ರಸ್ತೆ ಎಂದು ಕರೆಯುತ್ತಾರಂತೆ ಎಂದು ದೊಡ್ಡವರು ನಗುತ್ತಿದ್ದರು. "ಅಷ್ಟು ಒಳ್ಳೆ ಹುರುಳಿ ಬೆಳೆಯೋ ಮಣ್ಣಿನ ಮೇಲೆ ಮನೆ ಕಟ್ಟುತಾರಾ? ಆ ಮನೇಲಿ ಮಲಗಿದ್ರೆ ನಿದ್ದೆ ಬತ್ತದಾ?" ಎಂದು ಅಜ್ಜಿ ಕೇಳುತ್ತಿದ್ದಳು.

ಅಜ್ಜಿಯ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ವಸ್ತು: ತಿನ್ನುವಂಥದ್ದು, ತಿಪ್ಪೆಗೆ ಹಾಕುವಂಥದ್ದು. ಕೊಟ್ಟಿಗೆಯ ಕಸ, ಒಲೆಯ ಬೂದಿ, ಹೊಂಗೆಯ ಉದುರೆಲೆ, ಹರಿದ ಗೋಣಿ ಎಲ್ಲಕ್ಕೂ ತಿಪ್ಪೆಯಲ್ಲಿ ಜಾಗವಿತ್ತು. ನನ್ನ ಮೂರನೇ ಕ್ಲಾಸಿನ ಗಣಿತದ ಪರೀಕ್ಷೆಯ ಹಾಳೆಯೂ ಅಲ್ಲಿಗೇ ಹೋಯಿತು. ಅದನ್ನು ನಾನೇ ಕೈಯಾರೆ ಆಳವಾಗಿ ಹೂತಿದ್ದೆ. ಆ ವರ್ಷ ತಿಪ್ಪೆಯ ಮೇಲೆ ತಾನಾಗಿ ಎದ್ದ ಕುಂಬಳಬಳ್ಳಿ ಎಂದೂ ಇಲ್ಲದ ಹಾಗೆ ಕಾಯಿ ಬಿಟ್ಟಿತು. ನನ್ನ ಗಣಿತದಿಂದ ಪ್ರಯೋಜನ ಪಡೆದದ್ದು ಅದೊಂದೇ ಎಂದು ಈಗಲೂ ನಂಬಿದ್ದೇನೆ.

ನಾನು ಹೇಳಹೊರಟದ್ದು ಕುರಿಯ ಕಥೆ. ಅಜ್ಜಿಯಿಂದ ಮಾತು ಕಲಿತವರಿಗೆ ದಾರಿಯಲ್ಲಿ ಸಿಕ್ಕಿದ ಎಲ್ಲರನ್ನೂ ಮಾತಾಡಿಸಿಯೇ ಮುಂದೆ ಹೋಗುವ ಅಭ್ಯಾಸ, ಕ್ಷಮಿಸಿ.

ಯುಗಾದಿಯ ದಿನ ಊರಿನವರೆಲ್ಲ ಎತ್ತಿಗೆ ಅರಿಸಿನ ಕುಂಕುಮ ಹಚ್ಚಿ ಹೊನ್ನಾರು ಕಟ್ಟುತ್ತಿದ್ದರು. ಹೊಸ ವರ್ಷದ ಮೊದಲ ಉಳುಮೆ ಎಂಬ ಶಾಸ್ತ್ರ ಅದು. ಹೊಲದ ಮೂಲೆಯಲ್ಲಿ ಮೂರು ಸಾಲು ಹೊಡೆದು, ಕಾಯಿ ಒಡೆದು, ಒಬ್ಬಟ್ಟು ತಿನ್ನಲು ಮನೆಗೆ ಓಡುವುದು. ಅದಾದ ವಾರದೊಳಗೆ ಕನಕಪುರದ ಕಡೆಯಿಂದ ಬೀರಪ್ಪ ತಾತನ ಕುರಿಮಂದೆ ಬರುತ್ತಿತ್ತು. ಹಗಲೆಲ್ಲ ಮೇಯ್ದ ಮಂದೆಯನ್ನು ಸಂಜೆಗೆ ಒಬ್ಬರ ಹೊಲದಲ್ಲಿ ಕೂಡಿ ಹಾಕಿದರೆ ಬೆಳಗಾಗುವುದರೊಳಗೆ ನೆಲದ ತುಂಬ ಹಿಕ್ಕೆ, ಗಂಜಲ. ಬಿಸಿಲೇರುವ ಮುಂಚೆ ಅದನ್ನು ಮಣ್ಣಿಗೆ ಸೇರಿಸಿದರೆ ಎರಡು ವರ್ಷ ಆ ನೆಲಕ್ಕೆ ಬೇರೆ ಊಟ ಬೇಡ. ಒಂದು ಹೊಲಕ್ಕೆ ಎರಡು ದಿನ, ಅಷ್ಟೇ. ಆಮೇಲೆ ಮಂದೆ ಮುಂದಿನ ಊರಿಗೆ. ತಪ್ಪಿಸಿಕೊಂಡರೆ ಮತ್ತೆ ಬರುವ ಯುಗಾದಿಯವರೆಗೆ ಕಾಯಬೇಕು.

ಅಪ್ಪನಿಗೆ ಆ ವರ್ಷ ಮಂದೆ ಬೇಕೇ ಬೇಕಿತ್ತು. ಅದಕ್ಕೊಂದು ಹಿನ್ನೆಲೆ ಇದೆ. ಅಪ್ಪನೂ ಅವನ ಅಣ್ಣ, ಅಂದರೆ ನನ್ನ ದೊಡ್ಡಪ್ಪನೂ ಭಾಗವಾಗಿ ಮೂರು ವರ್ಷವಾಗಿತ್ತು. ಒಂದೇ ಆಗಿದ್ದ ಹೊಲದ ನಡುವೆ ಬದು ಎದ್ದಿತ್ತು. ಬದು ಎದ್ದ ಮೇಲೆ ಅದನ್ನು ಯಾರು ಯಾರ ಕಡೆಗೆ ಕೆತ್ತಿದರು ಎಂಬ ಜಗಳವೂ ಎದ್ದಿತ್ತು. ನಿಜ ಹೇಳಬೇಕೆಂದರೆ ಇಬ್ಬರೂ ಕೆತ್ತುತ್ತಿದ್ದರು. ಅಪ್ಪ ಬೆಳಿಗ್ಗೆ ಕೆತ್ತಿದರೆ ದೊಡ್ಡಪ್ಪ ಸಂಜೆ ಕೆತ್ತುವನು. ಕೊನೆಗೆ ಮೊಳದಗಲದ ಬದು ಗೇಣಿಗೆ ಇಳಿದಿತ್ತು, ಮಾತು ಪೂರ್ತಿ ನಿಂತಿತ್ತು. ಹೇಳಲೇಬೇಕಾದದ್ದನ್ನು ತಂತಮ್ಮ ಎತ್ತಿಗೆ ಹೇಳುತ್ತಿದ್ದರು. "ಕೇಳುಸ್ಕೊಂಡ್ಯಾ ಬಸವ, ಕೆಲವರಿಗೆ ಎಷ್ಟಿದ್ರೂ ಸಾಲದು" ಎಂದು ಅಪ್ಪ ಈ ಕಡೆಯಿಂದ. "ನಡಿ ಬಸವ, ಸೋಮಾರಿಗಳ ಮಾತು ಕೇಳ್ತಾ ನಿಂತ್ರೆ ಹೊತ್ತು ಹೋಯ್ತದೆ" ಎಂದು ದೊಡ್ಡಪ್ಪ ಆ ಕಡೆಯಿಂದ. ಎತ್ತುಗಳ ತಾಳ್ಮೆ ದೊಡ್ಡದು.

ಬೇಸಾಯದಲ್ಲೂ ಅವರದು ಉತ್ತರ ದಕ್ಷಿಣ. ಅವರೆ, ರಾಗಿ ಕೊಯ್ದ ಮೇಲೆ ನೆಲಕ್ಕೂ ಬಾಣಂತಿಯ ಹಾಗೆ ವಿಶ್ರಾಂತಿ ಬೇಕು, ಕೂಳೆ ಹಾಗೇ ಇರಲಿ ಎನ್ನುವವನು ಅಪ್ಪ. ಚಳಿಗಾಲದಲ್ಲೇ ಒಂದು ಮಾಗಿ ಉಳುಮೆ ಕೊಟ್ಟು ಮಣ್ಣನ್ನು ಬಿಸಿಲಿಗೆ ತೆರೆದಿಡಬೇಕು ಎನ್ನುವವನು ದೊಡ್ಡಪ್ಪ. ಹೀಗಾಗಿ ಯುಗಾದಿಯ ಹೊತ್ತಿಗೆ ಬದುವಿನ ಆ ಕಡೆ ಮಣ್ಣು ಹಿಟ್ಟಿನಂತೆ, ಈ ಕಡೆ ಒರಳಿನಂತೆ. ಅಪ್ಪನ ವಿಶ್ರಾಂತಿಯ ಫಲವೋ ಏನೋ, ನಮ್ಮ ರಾಗಿ ವರ್ಷದಿಂದ ವರ್ಷಕ್ಕೆ ಮೊಣಕಾಲಿನಿಂದ ಕೆಳಗಿಳಿಯುತ್ತಿತ್ತು. "ಈ ಸಲ ಮಂದೆ ಒಂದು ಕೂತುಬಿಡಲಿ, ತೋರಿಸ್ತೀನಿ" ಎಂದು ಅಪ್ಪ ಬಸವನಿಗೆ ಹೇಳಿಟ್ಟಿದ್ದ.

ಮಂದೆ ಬರಬೇಕಾದ ದಿನವೇ ಸುದ್ದಗುಂಟೆಪಾಳ್ಯದಲ್ಲಿ ಅವ್ವನ ತಂಗಿಯ ಮದುವೆ. ಹೋಗದಿದ್ದರೆ ಅವ್ವ ಜನ್ಮವಿಡೀ ಹೇಳಿಯಾಳು. ಮಂಡಿನೋವಿನ ಅಜ್ಜಿಗೆ ಜೊತೆಯಾಗಿ ನನ್ನನ್ನು ಬಿಟ್ಟು ಹೊರಟ ಅಪ್ಪ, ಬೇಲಿಯ ಹೊಂಗೆ ಮರದಿಂದ ಎಳೆ ಎಲೆ ತುಂಬಿದ ಒಂದು ಕೊಂಬೆ ಮುರಿದು ಕೈಗಿತ್ತ. ನಮ್ಮ ಕಡೆ ಅದೇ ಗುರುತು. ಮಂದೆ ಬೇಕಾದವರು ಹೊಲದಲ್ಲಿ ಹೊಂಗೆ ಕೊಂಬೆ ನೆಟ್ಟಿರಬೇಕು. ಬೇರೆ ಸೊಪ್ಪಾದರೆ ಕುರಿ ತಿಂದುಹಾಕುತ್ತದೆ, ಹೊಂಗೆಯನ್ನು ಮೂಸಿ ಬಿಡುತ್ತದೆ.

"ಬದುವಿನ ಪಕ್ಕ, ದಾರಿಗೆ ಕಾಣೋ ಹಂಗೆ ನೆಡು. ಬೀರಣ್ಣ ಸಂಜೆಗೆ ಬತ್ತಾನೆ. ನೆಡ್ತೀಯ ತಾನೇ?"

"ನೆಡ್ತೀನಪ್ಪ" ಎಂದೆ, ಬಲು ದೊಡ್ಡ ಮನುಷ್ಯಳ ಹಾಗೆ.

ಮಧ್ಯಾಹ್ನ ಹೊಲಕ್ಕೆ ಹೋದೆ. ಕೊಂಬೆಯ ಬುಡವನ್ನು ನೆಲಕ್ಕೆ ಒತ್ತಿದೆ. ನೆಲ ಒಪ್ಪಲಿಲ್ಲ. ಎರಡೂ ಕೈಯಿಂದ ಒತ್ತಿದೆ. ಕೊಂಬೆ ಬಾಗಿತು, ನೆಲ ಬಾಗಲಿಲ್ಲ. ಕಲ್ಲಿನಿಂದ ಕುಟ್ಟಿ ಒಂದು ಗುಳಿ ಮಾಡಲು ನೋಡಿದೆ, ಹೆಬ್ಬೆರಳನ್ನು ಕುಟ್ಟಿಕೊಂಡೆ. ಹೇಗೋ ಒರಗಿಸಿ ನಿಲ್ಲಿಸಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಸುಸ್ತಾದ ನೆಂಟನಂತೆ ಮಲಗಿಬಿಟ್ಟಿತು. ಬಿಸಿಲು ತಲೆಗೇರಿತ್ತು. ಕೈ ಉರಿಯುತ್ತಿತ್ತು. ಆಗ ನನ್ನ ಕಣ್ಣು ಬದುವಿನ ಆ ಕಡೆ ಹೋಯಿತು. ದೊಡ್ಡಪ್ಪನ ಮಣ್ಣು ಬಿಸಿಲಿನಲ್ಲಿ ಮೆತ್ತಗೆ, ಕರೆಯುವ ಹಾಗೆ ಬಿದ್ದುಕೊಂಡಿತ್ತು. ಎರಡೇ ಹೆಜ್ಜೆ. ಭಾಗವಾಗುವ ಮೊದಲು ನಾನು ಮಣ್ಣಿನ ರೊಟ್ಟಿ ತಟ್ಟಿದ್ದು ಅಲ್ಲಿಯೇ. ಎರಡು ಹೆಜ್ಜೆಯಿಂದ ಕುರಿಗೇನು ವ್ಯತ್ಯಾಸ, ಎಂದುಕೊಂಡು ನೆಟ್ಟೆ. ಕೊಂಬೆ ಬೆಣ್ಣೆಗೆ ಚಾಕು ಇಳಿದಂತೆ ಇಳಿಯಿತು. ಅದರ ಅಂದ ನೋಡಿ ಖುಷಿಯಾಗಿ, ಹಾಡಿಕೊಂಡು ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಕಂಡದ್ದೇನು? ಮಂದೆಗೆ ಮಂದೆಯೇ ದೊಡ್ಡಪ್ಪನ ಹೊಲದಲ್ಲಿ! ಬದುವನ್ನು ಗಡಿ ಮಾಡಿಕೊಂಡು, ಮುಳ್ಳಿನ ತಡಿಕೆಯ ಒಳಗೆ ಒತ್ತೊತ್ತಾಗಿ, ಒಂದು ಹಿಕ್ಕೆಯೂ ನಮ್ಮ ಕಡೆ ಬೀಳದ ಹಾಗೆ. ಬೀರಪ್ಪ ತಾತ ಬಲು ಶಿಸ್ತಿನ ಮನುಷ್ಯ.

ಆಗಲಾದರೂ ಓಡಿ ಹೋಗಿ ತಾತನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೂ ಒಂದು ದಿನ ಇದೆ, ಇವತ್ತು ಸಂಜೆ ತಾವಾಗಿಯೇ ಈ ಕಡೆ ಬಂದಾವು ಎಂದು ಕುರಿಗಳ ಮೇಲೆ ಭಾರ ಹಾಕಿ ಸ್ಕೂಲಿಗೆ ಹೋದೆ. ಸಂಜೆಯೂ ಅವು ಅಲ್ಲಿಯೇ ಕೂತವು. ಅದಕ್ಕಿಂತ ಆಶ್ಚರ್ಯವೆಂದರೆ ದೊಡ್ಡಪ್ಪನ ಮನೆಯಿಂದ ಬೀರಪ್ಪ ತಾತನಿಗೆ ಎರಡು ಹೊತ್ತೂ ಬಿಸಿ ಮುದ್ದೆ, ಹುರುಳಿ ಬಸ್ಸಾರು. ಎರಡನೆಯ ದಿನ ಪಾಯಸವಂತೆ! ದಾರಿಯಲ್ಲಿ ಸಿಕ್ಕ ದೊಡ್ಡಪ್ಪ ಮೂರು ವರ್ಷದಲ್ಲಿ ಮೊದಲ ಸಲ ನನ್ನ ಜಡೆ ಎಳೆದು, "ಏನವ್ವ, ನಿಮ್ಮಪ್ಪ ಯಾವಾಗ ಬತ್ತಾನೆ?" ಎಂದು ನಗುತ್ತಾ ಕೇಳಿದ. ನಾನು ಓಡಿಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಅಪ್ಪ, ಅವ್ವ ಬಂದರು. ಅಪ್ಪ ಮದುವೆಯ ಪಂಚೆಯಲ್ಲೇ ನೇರ ಹೊಲಕ್ಕೆ ಹೋದ. ನಾನು ಹಿಂದೆಯೇ ಹೋದೆ, ಕಾಲೆಳೆದುಕೊಂಡು. ನಮ್ಮ ಹೊಲ ಹೇಗಿತ್ತೋ ಹಾಗೇ ಒಣಗಿ ಮಲಗಿತ್ತು. ಆಚೆ ದೊಡ್ಡಪ್ಪನ ಹೊಲ ಕರಿಎಳ್ಳು ಚೆಲ್ಲಿದಂತೆ ಹಿಕ್ಕೆಯಿಂದ ಕಪ್ಪಗಾಗಿತ್ತು. ಬೀರಪ್ಪ ತಾತ ತಡಿಕೆ ಕಿತ್ತು ಹೊರಡುವುದರಲ್ಲಿದ್ದ.

"ಏನ್ ಬೀರಣ್ಣ," ಅಪ್ಪ ಅವನ ದಾರಿಗೆ ಅಡ್ಡ ನಿಂತ, "ಎಷ್ಟು ಮುದ್ದೆಗೆ ಮಾತು ಮಾರ್ಕೊಂಡೆ?"

ಮುದುಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿ ಅದನ್ನು ಮುಟ್ಟಿದ. "ಈ ಕಂಬಳಿ ಮುಟ್ಟಿ ಹೇಳ್ತೀನಿ ಕಣಪ್ಪ. ಸೊಪ್ಪಿದ್ದ ತಾವೇ ಮಂದೆ ಕೂರ್ಸಿದ್ದು. ನಿಮ್ಮಪ್ಪನ ಕಾಲದಿಂದ ಬತ್ತಾ ಇವ್ನಿ, ಒಬ್ರೂ ಇಂಥ ಮಾತಾಡಿರ್ಲಿಲ್ಲ. ಆಯ್ತು ಬುಡು. ಇನ್ಮೇಲೆ ಈ ದಿಕ್ಕಿಗೆ ನನ್ನ ಮಂದೆ ಬರಾಕಿಲ್ಲ."

ಸೊಪ್ಪು ಎಲ್ಲಿತ್ತು ಎಂದು ತೋರಿಸೋಣವೆಂದರೆ ಅದು ಕುರಿಗಳ ಕಾಲಿಗೆ ಸಿಕ್ಕಿ ಹಿಕ್ಕೆಯಲ್ಲಿ ಹೂತುಹೋಗಿತ್ತು. ಗದ್ದಲ ಕೇಳಿ ದೊಡ್ಡಪ್ಪ ಬಂದ. ಅವನ ಹಿಂದೆ ಕೋಲೂರಿಕೊಂಡು ಅಜ್ಜಿ. ಬೀರಪ್ಪ ತಾತ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ತಿರುಗಿ ನಡೆಯತೊಡಗಿದ. ನಾನು ಅವನ ಬೆನ್ನನ್ನೇ ನೋಡಿದೆ. ಆ ಬೆನ್ನು ಇನ್ನು ಯಾವ ಯುಗಾದಿಗೂ ಈ ದಾರಿಯಲ್ಲಿ ಮುಖವಾಗಿ ಬರುವುದಿಲ್ಲ. ಅದೂ ಅವನು ಮಾಡದ ತಪ್ಪಿಗೆ.

"ತಾತ ಸುಳ್ಳು ಹೇಳ್ತಿಲ್ಲ!" ಎಂದು ಕೂಗಿದೆ. ನನ್ನ ದನಿಗೆ ನಾನೇ ಬೆಚ್ಚಿದೆ. "ಆ ಕಡೆ ನೆಟ್ಟಿದ್ದು ನಾನು."

"ಯಾಕೆ?" ಎಂದ ಅಪ್ಪ.

"ನಮ್ಮ ಹೊಲ ಕಲ್ಲಾಗಿತ್ತು. ಕೊಂಬೆ ಇಳೀಲಿಲ್ಲ. ದೊಡ್ಡಪ್ಪಂದು ಮೆತ್ತಗಿತ್ತು."

ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ನೋಡು ಬಸವ!" ಎಂದು ಗೆದ್ದವನ ಹಾಗೆ ತಿರುಗಿದ. ಅಲ್ಲಿ ಬಸವ ಇರಲಿಲ್ಲ, ಕೊಟ್ಟಿಗೆಯಲ್ಲಿದ್ದ. ಆದರೂ ಬಿಡಲಿಲ್ಲ. "ಮಾಗಿ ಉಳುಮೆ ಮಾಡ್ದಿದ್ರೆ ಮಣ್ಣು ಕಲ್ಲಾಯ್ತದೆ ಅಂತ ನಾನು ಬಡ್ಕೊಂಡಿರ್ಲಿಲ್ವಾ? ಒಂಬತ್ತು ವರ್ಸದ ಮಗಿಗೆ ಗೊತ್ತಾಯ್ತು..." ಅಷ್ಟಕ್ಕೇ ಅವನ ಮಾತು ನಿಂತಿತು. ನಗು ಮುಖದಿಂದ ಮೆಲ್ಲಗೆ ಇಳಿಯಿತು. ಈ ಸಲ ಎತ್ತಿಗಲ್ಲ, ನೇರವಾಗಿ ಅಪ್ಪನನ್ನೇ ನೋಡಿ ಕೇಳಿದ:

"ಅಂಗಾರೆ ನೀನು ಕಳ್ಸಿದ್ದಲ್ವಾ?"

ಬೆಳಿಗ್ಗೆ ಎದ್ದು ತನ್ನ ಹೊಲದಲ್ಲಿ ಮಂದೆ ಕಂಡ ದೊಡ್ಡಪ್ಪ, ತಮ್ಮನೇ ಕಳಿಸಿದ್ದಾನೆ ಎಂದುಕೊಂಡಿದ್ದನಂತೆ. ಬಾಯಿ ಬಿಟ್ಟು ಹೇಳಲಾರದೆ ಕುರಿಯ ಕೈಯಲ್ಲಿ ಹೇಳಿಸಿದ್ದಾನೆ ಎಂದು. ಅದಕ್ಕೇ ಮುದ್ದೆ, ಅದಕ್ಕೇ ಪಾಯಸ, ಅದಕ್ಕೇ ನನ್ನ ಜಡೆ. ಅಪ್ಪ ಮದುವೆಯ ಪಂಚೆಯ ಅಂಚನ್ನು ಬೆರಳಿನಲ್ಲಿ ಸುತ್ತುತ್ತಾ ನಿಂತ.

"ನಿನ್ನ ಹಿಕ್ಕೆ ನಂಗೆ ಬ್ಯಾಡ," ಎಂದ ದೊಡ್ಡಪ್ಪ. "ಗುಡಿಸ್ಕೊಂಡು ಹೋಗು."

"ನಿನ್ನ ಹೊಲದಾಗೆ ಬಿದ್ದಿದ್ದು ನಂಗ್ಯಾಕೆ? ನೀನೇ ಇಟ್ಕೋ," ಎಂದ ಅಪ್ಪ.

"ನೋಡು, ಗೇಣು ಮಣ್ಣಿಗೆ ಬಡ್ದಾಡ್ದೋರು ಈಗ ಹಿಕ್ಕೆ ಬ್ಯಾಡ ಅಂತಾರೆ!" ಎಂದು ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. ಮೊದಲು ನನ್ನ ಕಿವಿ ಹಿಂಡಿದಳು, ಅದು ನನ್ನ ಪಾಲಿನದು. ಆಮೇಲೆ ಅಪ್ಪನನ್ನು ಬೀರಪ್ಪ ತಾತನ ಮುಂದೆ ನಿಲ್ಲಿಸಿ ತಪ್ಪಾಯಿತು ಎನ್ನಿಸಿದಳು. ತಾತ ತಕ್ಷಣ ಒಪ್ಪಲಿಲ್ಲ. ಒಂದು ಎಲೆ ಅಡಿಕೆ ಪೂರ್ತಿ ಅಗಿದು ಉಗಿದ ಮೇಲೆ, "ಮುಂದ್ಲ ಸಲ ಸೊಪ್ಪು ಗಿಪ್ಪು ಬ್ಯಾಡ. ಬಾಯಲ್ಲಿ ಹೇಳ್ರಿ" ಎಂದ. ಬರುತ್ತೇನೆ ಎಂದೇ ಅದರ ಅರ್ಥ.

ಉಳಿದದ್ದು ಹಿಕ್ಕೆ. ಅಜ್ಜಿ ಇಬ್ಬರು ಮಕ್ಕಳ ಕಡೆ ತಿರುಗಿದಳು. "ಬಿದ್ದ ಹಿಕ್ಕೆ ಎತ್ಕೊಡಾಕಾಗಲ್ಲ. ಹೊಲನೇ ಎತ್ಕೊಡ್ರಿ. ಈ ವರ್ಸ ಅವನ ಹೊಲ ನೀನು ಮಾಡು, ನಿನ್ನ ಹೊಲ ಅವನು ಮಾಡ್ಲಿ. ಮುಂದ್ಲ ಯುಗಾದಿಗೆ ತಿರುಗುಸ್ಕೊಳ್ರಿ. ಇದು ನನ್ನ ಮಾತು. ಬ್ಯಾಡ ಅಂದೋರು ನನ್ನ ತಿಥಿ ದಿನ ಮಾತಾಡ್ರಿ."

ಹೀಗೆ ನಮ್ಮ ಮನೆಯಲ್ಲಿ ಆ ವಿಚಿತ್ರ ವರ್ಷ ಶುರುವಾಯಿತು. ಅಪ್ಪ ದೊಡ್ಡಪ್ಪನ ಹೊಲದಲ್ಲಿ, ದೊಡ್ಡಪ್ಪ ಅಪ್ಪನ ಹೊಲದಲ್ಲಿ. ಮೊದಲ ದಿನವೇ ಅಜ್ಜಿಯ ಲೆಕ್ಕಾಚಾರದ ಒಳಗುಟ್ಟು ಗೊತ್ತಾಯಿತು. ತನ್ನ ಹೊಲವನ್ನು ಇನ್ನೊಬ್ಬ ಉಳುವಾಗ ಬಾಯಿ ಮುಚ್ಚಿಕೊಂಡಿರುವ ರೈತ ಇನ್ನೂ ಹುಟ್ಟಿಲ್ಲ.

"ಏಯ್, ಅಷ್ಟು ಆಳ ಹೊಡೀಬ್ಯಾಡ! ಕೆಳಗೆ ಸುಣ್ಣಕಲ್ಲು ಐತೆ!" ಎಂದು ಅಪ್ಪ ಬದುವಿನ ಮೇಲೆ ನಿಂತು ಕೂಗುವನು.

"ನಂಗೊತ್ತಿಲ್ವಾ? ನೀನು ಹುಟ್ಟೋಕ್ ಮುಂಚೆ ಈ ಕಲ್ಲಿಗೆ ನನ್ನ ನೇಗಿಲು ಮುರ್ದಿತ್ತು. ನೀನು ಆ ಮೂಲೇಲಿ ನೀರು ನಿಲ್ಲುತ್ತೆ ನೋಡ್ಕೋ!"

ಎತ್ತುಗಳಿಗೆ ಆ ವರ್ಷ ಎಂಥ ನೆಮ್ಮದಿ!

ಬೈಗುಳದ ಹಿಂದೆ ಹಟವೂ ಇತ್ತು. ನನ್ನ ಕೈಯಲ್ಲಿ ಅವನ ಹೊಲ ಕೆಟ್ಟಿತು ಎನ್ನಿಸಿಕೊಳ್ಳಬಾರದು ಎಂದು ಇಬ್ಬರಿಗೂ. ಕೆರೆಯ ನೀರು ಇಳಿದಾಗ ದೊಡ್ಡಪ್ಪ ಗಾಡಿಗಟ್ಟಲೆ ಗೋಡುಮಣ್ಣು ತಂದು ನಮ್ಮ ಹೊಲಕ್ಕೆ ಹೊಡೆದ. ಇದನ್ನು ನೋಡಿ ಅಪ್ಪ ಬೇಲಿಯ ಹೊಂಗೆ, ಎಕ್ಕ ಯಾವುದನ್ನೂ ಬಿಡದೆ ಸೊಪ್ಪು ಕೊಯ್ದು ದೊಡ್ಡಪ್ಪನ ಹೊಲಕ್ಕೆ ತುಳಿದ. ಅಜ್ಜಿ ತನ್ನ ತಿಪ್ಪೆಯನ್ನು ಇಬ್ಬರಿಗೂ ಸಮನಾಗಿ ಹಂಚಿದಳು, ಮಂಕರಿಗೆ ಮಂಕರಿ. ಆ ವರ್ಷ ರಾಗಿ ಎರಡೂ ಕಡೆ ನನ್ನ ಎದೆಯೆತ್ತರ ಬಂತು. ನಾನು ಕುಳ್ಳಿ, ನಿಜ. ಆದರೂ ಎದೆ ಎದೆಯೇ.

ಮತ್ತೆ ಯುಗಾದಿ ಬಂತು. ವಾರದಲ್ಲಿ ಬೀರಪ್ಪ ತಾತನೂ ಬಂದ. ಬಾಗಿಲ ತನಕ ಬಂದು, ಅಪ್ಪ, ದೊಡ್ಡಪ್ಪ ಇಬ್ಬರನ್ನೂ ಹೊಲಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿಕೊಂಡು ಕೇಳಿದ. "ಈಗ ಬಾಯಲ್ಲಿ ಹೇಳ್ರಪ್ಪ. ಯಾರ ಕಡೆ?"

"ಅಣ್ಣನ ಕಡೆ," ಎಂದ ಅಪ್ಪ.

"ಲೇ, ಹೋದ್ಸಲ ನಂದಕ್ಕೆ ಆಗೈತೆ. ಈ ಸಲ ನಿನ್ನ ಕಡೆ," ಎಂದ ದೊಡ್ಡಪ್ಪ.

"ಆ ಹಿಕ್ಕೆ ಬೆಳೆ ನಾನು ತಿಂದಿಲ್ವಾ? ನಿಂದೇ ಬಾಕಿ."

"ನಂಗೆ ಬುದ್ಧಿ ಹೇಳೋಕ್ ಬತ್ತೀಯಾ? ಹಿರಿಯ ನಾನು!"

ಜಗಳ ಎಷ್ಟು ಏರಿತೆಂದರೆ ಅಜ್ಜಿ ಮನೆಯಿಂದಲೇ, "ಇನ್ನೇನ್ ಬಂತ್ರೋ?" ಎಂದು ಕೂಗಿದಳು. ಬೀರಪ್ಪ ತಾತ ಒಬ್ಬರ ಬಾಯಿಯಿಂದ ಇನ್ನೊಬ್ಬರ ಬಾಯಿಗೆ ನಾಲ್ಕು ಸಲ ನೋಡಿದ. ಆಮೇಲೆ ಕಂಬಳಿ ಹಾಸಿ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದ. ಕುರಿಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಹಗಲೆಲ್ಲ ನಡೆದು ಬಂದಿದ್ದವು. ಒಂದು ಮುದಿ ಕುರಿ ಬದುವಿನ ಮೇಲೆಯೇ ಮಂಡಿಯೂರಿ ಮಲಗಿತು. ಅದರ ಪಕ್ಕಕ್ಕೆ ಇನ್ನೊಂದು. ನೋಡುತ್ತಿದ್ದಂತೆ ಮಂದೆಯೆಲ್ಲ ಅರ್ಧ ಆ ಕಡೆ, ಅರ್ಧ ಈ ಕಡೆ ಹರಡಿ, ನಡುವೆ ಬದುವಿನ ಮೇಲೂ ಕಿಕ್ಕಿರಿದು ಕೂತುಬಿಟ್ಟಿತು.

"ಅವು ಹೇಳ್ಬಿಟ್ವು ಕಣ್ರಪ್ಪ," ಎಂದು ತಾತ ತಡಿಕೆ ತರಲು ಎದ್ದ.

ಎರಡು ದಿನವಾಗಿ ಮಂದೆ ಹೊರಟ ಬೆಳಿಗ್ಗೆ ನಾವೆಲ್ಲ ಹೊಲಕ್ಕೆ ಹೋದೆವು. ಹಿಕ್ಕೆ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಮ ಹಾಸಿತ್ತು. ಇಬ್ಬರೂ ಮೂರು ವರ್ಷ ಕೆತ್ತಿ ಗೇಣಗಲಕ್ಕೆ ಇಳಿಸಿದ್ದ ಬದು ಅಷ್ಟೊಂದು ಗೊರಸುಗಳನ್ನು ತಡೆದೀತೆ? ಪುಡಿಯಾಗಿ ಎರಡೂ ಕಡೆಗೆ ಉದುರಿ, ಎಲ್ಲಿತ್ತು ಎಂದು ತೋರಿಸಲು ಒಂದು ಹುಲ್ಲಿನ ಗೆರೆ ಮಾತ್ರ ಉಳಿದಿತ್ತು.

ಅಪ್ಪ, ದೊಡ್ಡಪ್ಪ ಇಬ್ಬರೂ ಅದನ್ನು ನೋಡಿದರು. ಯಾರು ಮೊದಲು ಬಾಯಿ ಬಿಡುತ್ತಾರೋ ಎಂದು ನಾನು ಅವ್ವನ ಸೆರಗು ಹಿಡಿದುಕೊಂಡೆ.

"ಗುದ್ದಲಿ ತರ್ಲಾ? ಬದು ಎತ್ತಿಬಿಡಾನ," ಎಂದ ದೊಡ್ಡಪ್ಪ.

ಅಪ್ಪ ಆಕಾಶ ನೋಡಿದ, ಬಿಸಿಲು ನೋಡಿದ. "ಹಿಕ್ಕೆ ಒಣಗೋಯ್ತದೆ ಅಣ್ಣ. ಮೊದ್ಲು ನೇಗಿಲು ಕಟ್ಟು, ಮಣ್ಣಿಗೆ ಸೇರ್ಸಾನ. ಬದು ಆಮೇಲೆ ಹಾಕುದ್ರಾಯ್ತು. ಅದೆಲ್ಲಿಗೆ ಹೋಯ್ತದೆ?"

ಆ ಆಮೇಲೆ, ನಾನು ಮದುವೆಯಾಗಿ ಬನಶಂಕರಿಯ ಕಡೆಗೆ ಹೊರಟ ದಿನದವರೆಗೂ ಬರಲಿಲ್ಲ.